ವೆಂಟಿಲೇಟರ್ ರೋಗಿಯನ್ನು ಶಿಫ್ಟ್ ಮಾಡುವುದು: ಸಿಬ್ಬಂದಿಗೆ ಹೇಗೆ ಕಲಿಸುತ್ತೀರಿ?

ಕೇಳಿದವರು, ನರ್ಸಿಂಗ್ ಇನ್‌ಚಾರ್ಜ್, ಹಾಸನ ಕಡೆ:
ನಮ್ಮ ಐಸಿಯು ಮೊದಲನೇ ಮಹಡಿಯಲ್ಲಿದೆ, ಸಿಟಿ ಸ್ಕ್ಯಾನ್ ಪಕ್ಕದ ಕಟ್ಟಡದಲ್ಲಿ. ಕೆಲವರನ್ನು ಮಂಗಳೂರಿಗೂ ಕಳಿಸಬೇಕಾಗುತ್ತದೆ. ಸಿಸ್ಟರ್‌ಗಳು, ಅಟೆಂಡರ್‌ಗಳು ಹೊಸಬರು. ತರಬೇತಿಗೆ ದುಡ್ಡಿಲ್ಲ, ಟೈಮೂ ಕಮ್ಮಿ. ಎಲ್ಲಿಂದ ಶುರು ಮಾಡಲಿ?

ಐಸಿಯು ಸ್ಟಾಫ್ ನರ್ಸ್:
ಪಿಪಿಟಿ ತೋರಿಸಿ ಕಲಿಸೋದು ಸುಮ್ನೆ ಮೇಡಂ. ಒಬ್ಬ ಅಟೆಂಡರನ್ನು ಟ್ರಾಲಿ ಮೇಲೆ ಮಲಗಿಸಿ. ಸಿಲಿಂಡರ್, ಮಾನಿಟರ್, ಔಷಧಿ ನಿಧಾನವಾಗಿ ಹರಿಸುವ ಎರಡು ಸಿರಿಂಜ್ ಪಂಪ್, ಎಲ್ಲಾ ಹೇರಿ ನಿಮ್ಮ ಬೆಡ್ಡಿನಿಂದ ನಿಮ್ಮ ಸಿಟಿ ಟೇಬಲ್‌ವರೆಗೆ ಹೋಗಿ ಬನ್ನಿ. ಲಿಫ್ಟ್ ಬಾಗಿಲ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿ ಟ್ರಾಲಿ ಜಗ್ಗುತ್ತದೆ. ಆಗ ಯಾವ ವೈರ್ ಬಿಗಿಯುತ್ತದೆ, ಉಸಿರಾಟದ ಟ್ಯೂಬ್ ಯಾರ ಕೈಯಲ್ಲಿದೆ, ಎಲ್ಲ ಬಯಲಾಗುತ್ತದೆ. ಟ್ರಾಲಿ, ಪಂಪ್, ಇಬ್ಬರು ಸಿಸ್ಟರ್ ಒಂದೇ ಸಲ ಲಿಫ್ಟ್‌ನಲ್ಲಿ ಹಿಡಿಸುತ್ತಾರಾ ಅನ್ನೋದೂ ಅವತ್ತೇ ಗೊತ್ತಾಗಲಿ.

ಅರ್ಧ ದಾರಿಯಲ್ಲಿ "ವೆಂಟಿಲೇಟರ್ ನಿಂತಿತು" ಅಂತ ಕೂಗಿ. ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಎಲ್ಲಿ ಅಂತ ಹುಡುಕಾಟ ಶುರುವಾಯಿತೋ, ಅಲ್ಲೇ ನಿಲ್ಲಿಸಿ ಪಾಠ ಮಾಡಿ. ಅದು ರೋಗಿಯ ತಲೆಯ ಪಕ್ಕದಲ್ಲೇ ಇರಬೇಕು, ಟ್ರಾಲಿ ಕೆಳಗಿನ ಬುಟ್ಟಿಯಲ್ಲಲ್ಲ.

ಅನಸ್ತೇಷಿಯಾ ಡಾಕ್ಟರ್:
ಆಕ್ಸಿಜನ್ ಲೆಕ್ಕವನ್ನು ಬಾಯಿಪಾಠ ಮಾಡಿಸಿ. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದರೆ ಎರಡೂವರೆ ಗಂಟೆ. ಮೀಟರ್ ಮುಳ್ಳು ಅರ್ಧಕ್ಕೆ ಬಂದಿದ್ದರೆ ಒಂದೂಕಾಲು ಗಂಟೆ, ಅಷ್ಟೇ. ಸಿಟಿ ಸ್ಕ್ಯಾನ್ ಮಾಡಿಸಿ ಬರಲು ಸಾಕು. ಶಿರಾಡಿ ಇಳಿದು ಮಂಗಳೂರಿಗೆ ನಾಲ್ಕು ಗಂಟೆ ಹಿಡಿದರೆ 2400 ಲೀಟರ್ ಬೇಕು, ಘಾಟಿಯಲ್ಲಿ ಲಾರಿ ಸಾಲು ನಿಂತರೆ ಇನ್ನೂ ಜಾಸ್ತಿ. ಬೇಕಾದ್ದರ ದುಪ್ಪಟ್ಟು ಒಯ್ಯಿರಿ. ಅಂದರೆ ಆಂಬುಲೆನ್ಸ್‌ನಲ್ಲಿ 7000 ಲೀಟರಿನ ಡಿ ಟೈಪ್ ಇದೆಯಾ, ಅದು ತುಂಬಿದೆಯಾ ಅಂತ ಮುಳ್ಳು ನೋಡಿಯೇ ಹತ್ತಬೇಕು. ಡ್ರೈವರ್ ಬಾಯಿಮಾತು ನಂಬಬೇಡಿ. ಸಿಲಿಂಡರ್ ಕೀಯನ್ನು ಸಿಲಿಂಡರ್‌ಗೇ ದಾರ ಹಾಕಿ ಕಟ್ಟಿ.

ಇನ್ನೊಂದು. ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್‌ಗೆ ಹಾಕಿದ ತಕ್ಷಣ ಓಡಬೇಡಿ. ಸ್ವಲ್ಪ ಹೊತ್ತು ಬೆಡ್ ಪಕ್ಕದಲ್ಲೇ ನಿಂತು ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ), ಬಿಪಿ ನೋಡಿ. ಬೀಳುವುದಿದ್ದರೆ ಅಲ್ಲೇ ಬೀಳಲಿ, ಐಸಿಯು ಒಳಗೆ.

ಅಟೆಂಡರ್:
ನಮ್ಮನ್ನೂ ಕೂರಿಸಿ ಹೇಳಿ ಮೇಡಂ. ಟ್ರೇನಿಂಗ್ ಅಂದರೆ ಸಿಸ್ಟರ್‌ಗಳಿಗೆ ಮಾತ್ರ, ಟ್ರಾಲಿ ತಳ್ಳುವವರು ನಾವು. ಎದೆಗೆ ಪೈಪ್ ಹಾಕಿದವರ ಬಾಟ್ಲಿ ಎತ್ತಬೇಡ ಅಂತ ವರ್ಷಗಟ್ಟಲೆ ಬೈಸಿಕೊಂಡಿದ್ದೇನೆ. ಎತ್ತಿದರೆ ನೀರು ವಾಪಸ್ ಎದೆಯೊಳಗೆ ಹೋಗುತ್ತದೆ ಅಂತ ಒಬ್ಬ ಸಿಸ್ಟರ್ ಹೇಳಿದ ಮೇಲೆ ಯಾರೂ ಬೈಯಬೇಕಾಗಿಲ್ಲ. ರೋಗಿಯ ಕಾಲ ಮೇಲೆ ಇಡಲು ಬಂದವರನ್ನು ನಾನೇ ತಡೆಯುತ್ತೇನೆ.

ಎತ್ತುವಾಗ "ಒಂದು, ಎರಡು, ಮೂರು" ಯಾರು ಹೇಳುತ್ತಾರೆ ಅನ್ನೋದೂ ಮೊದಲೇ ಗೊತ್ತಿರಲಿ. ನಾಲ್ಕು ಜನ ನಾಲ್ಕು ಥರ ಎಣಿಸುತ್ತಾರೆ.

ಐಸಿಯು ಸ್ಟಾಫ್ ನರ್ಸ್:
ಅಣ್ಣ ಹೇಳಿದ್ದು ಸರಿ. ತಲೆ ಹತ್ತಿರ ಟ್ಯೂಬ್ ಹಿಡಿದವರೇ ಎಣಿಸಬೇಕು. ಅವರು "ನಿಲ್ಲಿ" ಅಂದರೆ ದೊಡ್ಡ ಡಾಕ್ಟರೂ ನಿಲ್ಲಬೇಕು.

ಆಂಬುಲೆನ್ಸ್ ಇಎಂಟಿ (ತುರ್ತು ಚಿಕಿತ್ಸಾ ಸಿಬ್ಬಂದಿ):
ಕಳಿಸುವ ಕಡೆಯವರು ಫೋನ್ ಮಾಡಿ ವೆಂಟಿಲೇಟರ್ ಬೆಡ್ ಇದೆ ಅಂತ ಖಚಿತ ಮಾಡಿಕೊಳ್ಳಿ, ಮಾತಾಡಿದ ಡಾಕ್ಟರ ಹೆಸರನ್ನೂ ರೆಫರಲ್ ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಅಲ್ಲಿ ಕ್ಯಾಶುವಾಲ್ಟಿ ಬಾಗಿಲಲ್ಲಿ ನಮ್ಮದೇ ಆಕ್ಸಿಜನ್ ಖರ್ಚು ಮಾಡುತ್ತಾ ನಿಲ್ಲಬೇಕಾಗುತ್ತದೆ. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಓಡುತ್ತಿದ್ದರೆ ಇನ್ನೊಂದು ಸಿರಿಂಜ್ ತುಂಬಿ ಲೇಬಲ್ ಹಚ್ಚಿ ಕೊಡಿ. ಕುಲುಕಾಡುವ ಗಾಡಿಯಲ್ಲಿ ಆಂಪೂಲ್ ಒಡೆದು ತುಂಬುವಷ್ಟರಲ್ಲಿ ಬಿಪಿ ಕೈಗೆ ಸಿಗಲ್ಲ. ಪಂಪ್ ಬ್ಯಾಟರಿ ಹಿಂದಿನ ದಿನವೇ ಚಾರ್ಜ್ ಆಗಿರಲಿ.

ಮೆಡಿಸಿನ್ ಡಾಕ್ಟರ್:
ಇದೆಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳೋದನ್ನು ಕಲಿಸಿ: ಈ ಸ್ಕ್ಯಾನ್‌ನಿಂದ ಇವತ್ತಿನ ಚಿಕಿತ್ಸೆ ಬದಲಾಗುತ್ತದಾ? ಬೆಡ್ ಪಕ್ಕದ ಎಕ್ಸ್‌ರೇ, ಅಲ್ಟ್ರಾಸೌಂಡ್‌ನಲ್ಲೇ ಮುಗಿಯುವ ಕೆಲಸಕ್ಕೆ ಇಡೀ ಮೆರವಣಿಗೆ ಬೇಕಾ? ಹೊಸ ಸಿಸ್ಟರ್ ಇದನ್ನು ಡಾಕ್ಟರ ಮುಖಕ್ಕೇ ಕೇಳಲು ಹೆದರುತ್ತಾರೆ. ಕೇಳಿದವರನ್ನು ಗದರಬಾರದು ಅಂತ ನಮ್ಮಂಥವರಿಗೂ ಯಾರಾದರೂ ತರಬೇತಿ ಕೊಡಬೇಕು, ಅಲ್ವಾ?

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಚೆಕ್‌ಲಿಸ್ಟ್ ಮಾಡಲಾ?

ಐಸಿಯು ಸ್ಟಾಫ್ ನರ್ಸ್:
ಮಾಡಿ, ಆದರೆ ಒಂದೇ ಪುಟ. ಟ್ರಾಲಿಗೇ ಕಟ್ಟಿ, ಹೊರಡುವ ಮುಂಚೆ ಒಬ್ಬರು ಓದಬೇಕು, ಇನ್ನೊಬ್ಬರು ಮುಟ್ಟಿ ತೋರಿಸಬೇಕು. ವಾಪಸ್ ಬಂದ ಮೇಲೆ ಒಟ್ಟಿಗೆ ಟಿಕ್ ಹಾಕುವ ಚೆಕ್‌ಲಿಸ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮತ್ತೆ, ರಾತ್ರಿ ಪಾಳಿಯವರಿಂದಲೂ ಒಂದು ಸಲ ಈ ತಾಲೀಮು ಮಾಡಿಸಿ. ಸಿಟಿ ರೂಮಿನ ಬೀಗದ ಕೈ ರಾತ್ರಿ ಎರಡಕ್ಕೆ ಯಾರ ಹತ್ತಿರ ಇರುತ್ತದೆ ಅಂತ ನಿಮಗೆ ಗೊತ್ತಾ ಮೇಡಂ?