ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಸವಳು, ತಿಳಿ: ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯವಳು. ಊರ ಹೊರಗೆ ಮನೆ ಕಟ್ಟಿಸುತ್ತಿದ್ದೇವೆ. ಅಲ್ಲಿ ಒಳಚರಂಡಿ ಇಲ್ಲ, ನಲ್ಲಿ ನೀರೂ ಇಲ್ಲ. ಕುಡಿಯಲು ನಮ್ಮದೇ ಬೋರು, ಸಂಡಾಸಿಗೆ ನಮ್ಮದೇ ಗುಂಡಿ. ಎರಡೂ ಒಂದೇ ಜಾಗದಲ್ಲಿ ಇರಬೇಕು, ಆದರೆ ಒಂದರ ನೀರು ಇನ್ನೊಂದಕ್ಕೆ ಸೇರಬಾರದು. ಗೌಂಡಿಯವರಿಗೆ ಏನು ಬೇಕು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡೋಣ ಅಂತ ಕೂತೆ. ಕೆಲವು ಕಡೆ ಪದ ಸಿಗಲಿಲ್ಲ. ಇನ್ನು ಕೆಲವು ಕಡೆ ಪದ ಸಿಕ್ಕಿತು, ಆದರೆ ಅದು ಬೇರೇನೋ ಹೇಳುತ್ತಿತ್ತು. ಅದಕ್ಕೇ ಈ ಪ್ರಶ್ನೆಗಳು.

ಮೊದಲು ಸೆಪ್ಟಿಕ್ ಟ್ಯಾಂಕ್. ಈ ಮಾತು ಈಗ ಕನ್ನಡವೇ ಆಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ತೊಂದರೆ ಏನೆಂದರೆ, ನಮ್ಮ ಕಡೆ ಎರಡು ಬೇರೆ ಬೇರೆ ವಸ್ತುಗಳಿಗೆ ಈ ಒಂದೇ ಹೆಸರು. ಗೌಂಡಿಯವರು ನನಗೆ ಹೇಳಿದ್ದು ಇಷ್ಟು: "ತಳಾ ಹಾಕಂಗಿಲ್ರಿ ಅಕ್ಕಾರ. ತಳಾ ಹಾಕಿದ್ರ ಲಗೂನ ತುಂಬತೈತಿ. ಬಿಟ್ರ ನೀರು ತಾನ ಇಂಗಿ ಹೋಗತೈತಿ." ಅವರು ಹೇಳುತ್ತಿದ್ದದ್ದು ಸಿಮೆಂಟ್ ರಿಂಗ್ ಇಳಿಸಿ ತಳ ಬಿಟ್ಟ ಗುಂಡಿಯ ಬಗ್ಗೆ. ಅದನ್ನು ಅವರೂ ಸೆಪ್ಟಿಕ್ ಟ್ಯಾಂಕ್ ಅನ್ನುತ್ತಾರೆ, ಓಣಿಯವರೆಲ್ಲ ಹಾಗೇ ಅನ್ನುತ್ತಾರೆ.

ಆದರೆ ಎಂಜಿನಿಯರುಗಳ ಸೆಪ್ಟಿಕ್ ಟ್ಯಾಂಕ್ ಅಂದರೆ ತಳ, ಗೋಡೆ ಎಲ್ಲ ಕಟ್ಟಿದ, ಹನಿಯೂ ಸೋರದ ತೊಟ್ಟಿ. ಅದರೊಳಗೆ ಹೊಲಸು ನೀರು ಒಂದೆರಡು ದಿನ ನಿಲ್ಲುತ್ತದೆ. ಭಾರದ್ದು ಕೆಳಗೆ ಕೂಡುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಒಳಗಿನ ನೀರಿನ ಆಳ ಕನಿಷ್ಠ 1 ಮೀಟರ್, ಅಗಲ ಕನಿಷ್ಠ 75 ಸೆಂಟಿಮೀಟರ್, ಉದ್ದ ಅಗಲದ 2ರಿಂದ 4 ಪಟ್ಟು. ಹೊರಗೆ ಬಂದ ನೀರು ಮಣ್ಣಿಗೆ ಸೇರುವುದು ಬೇರೆ ಜಾಗದಲ್ಲಿ. ಅದೇ ಇಂಗುಗುಂಡಿ. ಅದಕ್ಕೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್ ಇರಬೇಕು, ಮನೆಗೂ ಅದಕ್ಕೂ ಕನಿಷ್ಠ 6 ಮೀಟರ್ ಇರಬೇಕು ಅಂತ ಅದೇ ಮಾನಕ ಹೇಳುತ್ತದೆ.

ಒಂದು ಸೋರಬಾರದು, ಇನ್ನೊಂದು ಇಂಗಿಸಲೇಬೇಕು. ಪೂರ್ತಿ ತದ್ವಿರುದ್ಧ ಕೆಲಸದ ಎರಡಕ್ಕೂ ಒಂದೇ ಹೆಸರಿಟ್ಟರೆ ಮನೆಯವರು ಹೇಳಿದ್ದು ಒಂದು, ಕಟ್ಟಿದ್ದು ಇನ್ನೊಂದು ಆಗುತ್ತದೆ. ಇದು ಗೌಂಡಿಯವರ ತಪ್ಪಲ್ಲ. ಊರು ಆಡುವ ಮಾತನ್ನೇ ಅವರು ಆಡುತ್ತಾರೆ.

ನಮ್ಮ ಸೀಮೆಯಲ್ಲಿ ಗುಂಡಿಗೆ ಹೆಸರುಗಳ ಬರ ಏನಿಲ್ಲ. ಜೋಳ ಇಡುವ ನೆಲದೊಳಗಿನ ಕಣಜ ಹಗೇವು. ಗೊಬ್ಬರದ್ದು ತಿಪ್ಪಿಗುಂಡಿ. ದಾರಿಯಲ್ಲಿ ಬಿದ್ದದ್ದು ತೆಗ್ಗು. ಹೆಣ ಹೂಳಲು ತೋಡಿದ್ದು ಕುಣಿ. ಹಳ್ಳದ ಉಸುಕಿನಲ್ಲಿ ಕೈಯಿಂದ ತೋಡಿದರೆ ನೀರು ಬರುತ್ತದಲ್ಲ, ಅದು ವರ್ತಿ. ನರೇಗಾ ಬಂದ ಮೇಲೆ ಜಳಕದ ನೀರಿಗೆ ಬಚ್ಚಲು ಗುಂಡಿ ಅನ್ನುವ ಹೆಸರು ಪಂಚಾಯ್ತಿ ಕಾಗದದಲ್ಲೂ ಗಟ್ಟಿಯಾಯಿತು. ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು. ಹಾಗಿರುವಾಗ ಸಂಡಾಸಿನ ವಿಷಯದಲ್ಲಿ ಮಾತ್ರ ಯಾಕೆ ಬೇರೆ ಬೇರೆ ಮಾಡಲಿಲ್ಲ? ಬಹುಶಃ ಅದನ್ನು ಯಾರೂ ಬಾಯಿ ಬಿಟ್ಟು ಮಾತಾಡಲು ಇಷ್ಟಪಡಲಿಲ್ಲ ಅಂತ ನನಗನ್ನಿಸುತ್ತದೆ.

ಪುಸ್ತಕದಲ್ಲಿ ರೊಚ್ಚುಗುಂಡಿ, ಮಲಗುಂಡಿ, ಶೌಚಗುಂಡಿ ಅಂತ ಸಿಗುತ್ತವೆ. ಮೂರರಲ್ಲೂ ಗುಂಡಿ ಇದೆ. ಗುಂಡಿ ಅಂದರೆ ತೋಡಿದ್ದು. ಕಟ್ಟಿದ್ದು, ಸೋರದ್ದು ಅನ್ನುವ ಅರ್ಥ ಅದರಲ್ಲಿ ಬರುವುದಿಲ್ಲ. ತೊಟ್ಟಿ ಅಂದರೆ ಬರುತ್ತದೆ. ರಾಯಚೂರಿನಲ್ಲಿರುವ ನಮ್ಮ ಭಾವ ಟಾಕಿ ಅನ್ನುತ್ತಾರೆ, ಅದೂ ಚೆನ್ನಾಗಿದೆ. ಆದರೆ ಕೆಲಸದ ಜಾಗದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಮಾತು ಬೇರೆ. "ಸಂಪ್ ಕಟ್ಟತೀರಲ್ರಿ, ಹಂಗ ಕಟ್ರಿ" ಅಂದೆ. ಗೌಂಡಿಯವರಿಗೆ ತಕ್ಷಣ ತಿಳಿಯಿತು. ತಳಕ್ಕೆ ಕಾಂಕ್ರೀಟು, ಒಳಗೆ ಗಿಲಾವು, ಮೂಲೆ ಮೂಲೆಗೆ ಸಿಮೆಂಟು, ಎಲ್ಲ ಅವರೇ ಹೇಳಿದರು. ಸಂಪು ಸೋರಿದರೆ ಮನೆಯವರು ಸುಮ್ನೆ ಬಿಡುವುದಿಲ್ಲ ಅಂತ ಅವರಿಗೆ ಗೊತ್ತು. ಆದರೂ ಇದಕ್ಕೆ ಸಂಪು ಅಂತಲೇ ಹೆಸರಿಡಲು ಆಗುವುದಿಲ್ಲ. ಅದು ಕುಡಿಯುವ ನೀರಿನ ತೊಟ್ಟಿಯ ಹೆಸರು.

ಇನ್ನು ಇಂಗು. ಇದು ನನಗೆ ತುಂಬಾ ಇಷ್ಟದ ಪದ. ಬಳ್ಳಾರಿ, ರಾಯಚೂರು ಕಡೆ ತೆಲುಗು ಆಡುವವರು ಇಂಕುಡು ಗುಂತ ಅನ್ನುತ್ತಾರೆ. ಕನ್ನಡದ ಇಂಗು, ತೆಲುಗಿನ ಇಂಕು ಒಂದೇ ಬೇರಿನವು. ಇಂಗುಗುಂಡಿಯನ್ನು ಯಾರೋ ಮೇಜಿನ ಮುಂದೆ ಕೂತು ಹೊಸೆದಿದ್ದರೂ ಜನರ ಬಾಯಿಗೆ ಕೂಡಲೇ ಒಗ್ಗುವ ಪದ ಅದು. ಆದರೆ ಇಂಗು ಅನ್ನುವುದಕ್ಕೆ ಎರಡು ಅರ್ಥ ಇದೆ. ಒಂದು, ಮಣ್ಣು ನೀರನ್ನು ಹೀರುವುದು. ಇನ್ನೊಂದು, ಬತ್ತಿ ಇಲ್ಲವಾಗುವುದು. "ನೀರು ಇಂಗಿ ಹೋಯ್ತು" ಅಂದಾಗ ನಮ್ಮ ಮನಸ್ಸಿಗೆ ಬರುವುದು ಎರಡನೆಯದೇ ಜಾಸ್ತಿ. ನೀರು ಮುಗಿಯಿತು, ಚಿಂತೆ ಇಲ್ಲ ಅನ್ನುವ ಭಾವ. ಆದರೆ ಇಂಗಿದ ನೀರು ಎಲ್ಲೂ ಮಾಯವಾಗುವುದಿಲ್ಲ. ಕೆಳಗಿನ ಸೆಲೆಗೆ ಸೇರುತ್ತದೆ. ಆ ಸೆಲೆಯೇ ನಮ್ಮ ಬೋರಿನದ್ದಾಗಿರಬಹುದು.

ಅದರಲ್ಲೂ ನಮ್ಮದು ಬಂಡೆಗಲ್ಲಿನ ನೆಲ. ಮೇಲೆ ಒಂದಿಷ್ಟು ಮಣ್ಣು, ಕೆಳಗೆಲ್ಲ ಕಣಶಿಲೆ, ಅಂದರೆ ಗ್ರಾನೈಟ್. ಬಂಡೆಯಲ್ಲಿ ನೀರು ಹರಿಯುವುದು ಸೀಳುಗಳಲ್ಲಿ. ಮಣ್ಣು ಸೋಸಿದಂತೆ ಸೀಳು ಸೋಸುವುದಿಲ್ಲ. ಹಾಗಾಗಿ ಇಂಥ ಕಡೆ ಆ 18 ಮೀಟರ್ ಕಡಿಮೆಯ ಕಡಿಮೆ ಲೆಕ್ಕ ಅಂತ ತಿಳಿಯಬೇಕು. ಬೋರಿನ ಕೇಸಿಂಗ್ ಪೈಪು ಗಟ್ಟಿ ಬಂಡೆಯವರೆಗೆ ಇಳಿದಿರಬೇಕು, ಪೈಪಿನ ಸುತ್ತಲಿನ ಸಂದನ್ನು ಸಿಮೆಂಟಿನಿಂದ ಮುಚ್ಚಿರಬೇಕು. ಇಲ್ಲದಿದ್ದರೆ ಮೇಲಿನ ಹೊಲಸು ಪೈಪಿನ ಗುಂಟ ನೇರವಾಗಿ ಇಳಿಯುತ್ತದೆ.

ಎರೆ ಭೂಮಿಯ ಕತೆ ಬೇರೆ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ, ಆಗ ನೀರು ಸರಕ್ಕನೆ ಇಳಿಯುತ್ತದೆ. ಮಳೆಗೆ ಉಬ್ಬಿ ಮುಚ್ಚಿಕೊಂಡ ಮೇಲೆ ಇಳಿಯುವುದೇ ಇಲ್ಲ. ಇಂಗುಗುಂಡಿ ಅಂತ ಹೆಸರಿಟ್ಟು ತೋಡಿದ್ದು ಮಳೆಗಾಲದಲ್ಲಿ ಇಂಗದೆ ತುಂಬಿ ಹರಿಯುತ್ತದೆ. ಅದಕ್ಕೇ ಮೊದಲು ಸಣ್ಣ ಗುಂಡಿ ತೋಡಿ, ನೀರು ಹಾಕಿ ಮಣ್ಣು ನೆನೆಸಿ, ಆಮೇಲೆ ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಅಂತ ನೋಡುವ ಪರೀಕ್ಷೆ ಇದೆ. ಅದಕ್ಕೆ ನಾನು "ಇಂಗು ಪರೀಕ್ಷೆ" ಅಂತ ಬರೆದಿದ್ದೇನೆ. ಅಡುಗೆಮನೆಯ ಇಂಗಿನ ನೆನಪು ಬಂದು ಯಾರಾದರೂ ಗಲಿಬಿಲಿ ಆಗುತ್ತಾರಾ? "ನೀರು ಇಂಗುವ ಪರೀಕ್ಷೆ" ಅಂದರೆ ಸ್ವಲ್ಪ ಉದ್ದ, ಆದರೆ ಸ್ಪಷ್ಟ.

ಇದರ ಅಕ್ಕಪಕ್ಕದ ಪದಗಳನ್ನೂ ಕೇಳಬೇಕು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಬಸಿಗಾಲುವೆ ಎಲ್ಲರಿಗೂ ಗೊತ್ತು. ಅನ್ನ ಬಸಿಯುವ ಬಸಿಯೇ ಅದು. ಜವಳು ಹಿಡಿದ ಹೊಲದ ನೀರನ್ನು ಹೊರಗೆ ತೆಗೆಯುವ ದಾರಿ. ಹಾಗಾದರೆ ಇಂಗು ಕೆಳಗೆ ಇಳಿಯುವುದಕ್ಕೆ, ಬಸಿ ಪಕ್ಕಕ್ಕೆ ಹರಿಯುವುದಕ್ಕೆ, ಒಸರು ಮತ್ತು ಜಿನುಗು ನಿಧಾನಕ್ಕೆ ಹೊರಬರುವುದಕ್ಕೆ, ಸೋರು ಆಗಬಾರದ ಕಡೆ ಆಗುವುದಕ್ಕೆ. ನಾನು ಹೀಗೆ ಹಂಚಿಕೊಂಡಿದ್ದೇನೆ. ನಿಮ್ಮ ಕಡೆಯ ಬಳಕೆಗೆ ಇದು ಹೊಂದುತ್ತದಾ?

ಈಗ ನೀರಿನ ವಿಷಯ. ಇಲ್ಲಿ ನಮ್ಮ ಪದಗಳೆಲ್ಲ ನಾಲಿಗೆಯವು, ಇಲ್ಲವೇ ಕಣ್ಣಿನವು. ಸೀನೀರು, ಸವಳು ನೀರು, ಗಡಸು ನೀರು, ರಾಡಿ ನೀರು, ತಿಳಿ ನೀರು. ನಮ್ಮತ್ತಿಯವರು ಹೊಸ ಬೋರಿನ ನೀರು ಬಂದ ಕೂಡಲೇ ಕೇಳಿದ್ದು ಒಂದೇ ಮಾತು: "ಬ್ಯಾಳಿ ಬೇಯ್ತಾವೇನು?" ಅದು ಒಳ್ಳೆಯ ಪರೀಕ್ಷೆಯೇ. ಸುಣ್ಣದ ಅಂಶ ಜಾಸ್ತಿ ಇದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಸೋಪು ನೊರೆ ಬರುವುದಿಲ್ಲ, ಪಾತ್ರೆಗೆ ಬಿಳಿ ಪದರು ಕಟ್ಟುತ್ತದೆ. ಗಡಸುತನವನ್ನು ಹೀಗೆ ಮನೆಯಲ್ಲೇ ಕಂಡುಹಿಡಿಯಬಹುದು.

ಆದರೆ ನಮ್ಮ ಸೀಮೆಯ ದೊಡ್ಡ ತೊಂದರೆ ಫ್ಲೋರೈಡ್. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ಸೀನೀರಿನಲ್ಲೂ ಇರುತ್ತದೆ. ಮಕ್ಕಳ ಹಲ್ಲಿಗೆ ಕಲೆ ಬಿದ್ದಾಗ, ದೊಡ್ಡವರ ಮೊಳಕಾಲು, ಬೆನ್ನು ಸೆಟೆದಾಗ ಗೊತ್ತಾಗುತ್ತದೆ. ಅಷ್ಟೊತ್ತಿಗೆ ತುಂಬಾ ತಡ. ಇದು ಕಲ್ಲಿನಿಂದ ಬರುವ ಅಂಶ. ನೈಟ್ರೇಟ್ ಬರುವುದು ಹೆಚ್ಚಾಗಿ ನಮ್ಮಿಂದಲೇ, ಅಂದರೆ ಸಂಡಾಸಿನ ಗುಂಡಿ, ತಿಪ್ಪೆ, ಹೊಲಕ್ಕೆ ಹಾಕಿದ ಯೂರಿಯಾದಿಂದ. ಅದಕ್ಕೂ ರುಚಿ ಇಲ್ಲ. ಎಳೆಗೂಸಿಗೆ ಅದು ಅಪಾಯ. ಒಂದು ಮಾತನ್ನು ಎಲ್ಲರಿಗೂ ಹೇಳಬೇಕು: ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಹೆಚ್ಚುತ್ತವೆ. "ಕಾಸಿ ಆರಿಸಿದ ನೀರು" ಅಂದರೆ ಶುದ್ಧ ನೀರು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ ಇದೆ, ಅಲ್ವಾ?

ಕುಡಿಯುವ ನೀರಿನ ಮಾನಕ ಐಎಸ್ 10500. ಅದರಲ್ಲಿ ಎರಡು ಅಂಕಣ ಇವೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೊದಲ ಮಿತಿ, 1.5 ಎರಡನೆಯದು. ಗಡಸುತನಕ್ಕೆ 200 ಮತ್ತು 600. ಕರಗಿದ ಲವಣ, ಅಂದರೆ ಎಲ್ಲರೂ ಟಿಡಿಎಸ್ ಅನ್ನುವುದು, 500 ಮತ್ತು 2000. ನೈಟ್ರೇಟಿಗೆ 45 ಒಂದೇ ಮಿತಿ, ಸಡಿಲಿಕೆ ಇಲ್ಲ. ಇ-ಕೊಲೈ ಅನ್ನುವ, ಮಲದಿಂದ ಬರುವ ಸೂಕ್ಷ್ಮಾಣು 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಎರಡನೆಯ ಅಂಕಣ ಬೇರೆ ನೀರು ಸಿಗದಿದ್ದಾಗ ಮಾತ್ರ. ಕನ್ನಡದಲ್ಲಿ ಇವನ್ನು "ಅಪೇಕ್ಷಣೀಯ ಮಿತಿ", "ಅನುಮತಿಸಬಹುದಾದ ಮಿತಿ" ಅಂತ ಬರೆದರೆ ಎರಡನೆಯದೂ ಆರಾಮಾಗಿ ಕುಡಿಯಬಹುದು ಅಂತಲೇ ಓದುವವರು ತಿಳಿಯುತ್ತಾರೆ. "ಇಷ್ಟರೊಳಗಿದ್ದರೆ ಒಳ್ಳೆಯದು", "ಬೇರೆ ನೀರು ಇಲ್ಲದಿದ್ದರೆ ಇಷ್ಟರವರೆಗೆ" ಅಂತ ಬಿಡಿಸಿ ಬರೆಯುವುದು ನನಗೆ ಸರಿ ಅನ್ನಿಸುತ್ತದೆ. ಇದಕ್ಕಿಂತ ಚಿಕ್ಕದಾಗಿ ಯಾರಾದರೂ ಹೇಳಬಲ್ಲಿರಾ?

ಸವಳು ಅನ್ನುವುದನ್ನು ಟಿಡಿಎಸ್‌ಗೆ ಬಳಸಬಹುದಾ ಅಂತಲೂ ಯೋಚಿಸಿದೆ. ರುಚಿಯ ಮಟ್ಟಿಗೆ ಹತ್ತಿರ ಇದೆ. ಆದರೆ ಸವಳು ಇಲ್ಲದ ನೀರು ಒಳ್ಳೆಯ ನೀರು ಅನ್ನುವ ಅರ್ಥ ಅದರ ಬೆನ್ನಿಗೇ ಬರುತ್ತದೆ. ಅದಕ್ಕೆ ಬೇಡ ಅಂತ ಬಿಟ್ಟೆ. ಇನ್ನೊಂದು ಸಣ್ಣ ಸಂದೇಹ: ಮೈಸೂರು ಕಡೆಯ ಚೌಳು, ನಮ್ಮ ಸವಳು, ತೆಲುಗಿನ ಚೌಡು ಒಂದೇ ಮೂಲದವಾ? ಬಲ್ಲವರು ಹೇಳಿ.

ತಿಳಿ ಅನ್ನುವುದೂ ಹೀಗೇ ಕೈಕೊಡುತ್ತದೆ. ಟ್ಯಾಂಕಿನ ತಳದಲ್ಲಿ ಕೂತದ್ದು ಗಸಿ, ನಡುವಿನಿಂದ ಹೊರಗೆ ಹೋಗುವುದು ತಿಳಿ ಅಂತ ಬರೆದೆ. ಸಾರಿನಲ್ಲಿ ಹೇಗೋ ಹಾಗೆ. ಓದಲು ಚೆಂದ ಇತ್ತು. ಆಮೇಲೆ ಅಳಿಸಿದೆ. ತಿಳಿ ಅಂದ ಕೂಡಲೇ ಸ್ವಚ್ಛ ಅನ್ನಿಸುತ್ತದೆ. ಆ ನೀರು ನೋಡಲು ಅಷ್ಟು ರಾಡಿ ಇರುವುದಿಲ್ಲ, ನಿಜ. ಆದರೆ ಅದರಲ್ಲಿ ರೋಗಾಣು ತುಂಬಿರುತ್ತವೆ. ಚರಂಡಿಗೆ ಬಿಡಬಾರದು, ಗಿಡಕ್ಕೆ ಕೈಯಿಂದ ಹಾಕಬಾರದು. ಈ ನೀರಿಗೆ ಒಂದು ಹೆಸರು ಬೇಕೇ ಬೇಕು. "ಹೊರನೀರು" ಅಂತ ಸದ್ಯಕ್ಕೆ ಬರೆದಿದ್ದೇನೆ, ಸಮಾಧಾನ ಇಲ್ಲ.

ಗಸಿಗೆ ಮಾತ್ರ ಒಳ್ಳೆಯ ಪದ ಸಿಕ್ಕಿತು: ಹೂಳು. ತುಂಗಭದ್ರಾ ಡ್ಯಾಮಿನ ಹೂಳಿನ ಮಾತು ಕೇಳದ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ಇದರಿಂದ ಇನ್ನೊಂದು ತಪ್ಪು ಬಳಕೆಯೂ ಸರಿಹೋಗುತ್ತದೆ. ನಾವು "ಟ್ಯಾಂಕ್ ತುಂಬೈತಿ, ಗಾಡಿ ಕರಸ್ರಿ" ಅನ್ನುತ್ತೇವೆ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ಹೊರಕೊಳವೆಯ ಮಟ್ಟಕ್ಕೆ ತುಂಬಿಯೇ ಇರುತ್ತದೆ. ಅದು ಕೆಲಸ ಮಾಡುವುದೇ ಹಾಗೆ. ಏರುವುದು ಹೂಳು. ಸುಮಾರು 2ರಿಂದ 3 ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿಯಿಂದ ಅದನ್ನು ತೆಗೆಸಬೇಕು. "ಹೂಳು ಏರೈತಿ" ಅಂದರೆ ವಿಷಯ ಸ್ಪಷ್ಟ. ಮನುಷ್ಯರನ್ನು ಇಳಿಸುವ ಮಾತೇ ಇಲ್ಲ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಸುರಕ್ಷತಾ ಸಾಧನ ಇಲ್ಲದೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯೂ ಅಪರಾಧ ಅನ್ನುತ್ತದೆ.

ನೀರಿನ ಮಾದರಿ ತೆಗೆಯುವುದಕ್ಕೆ ನನ್ನ ಹಾಳೆಯಲ್ಲಿ ಹೀಗಿದೆ: ಬೋರು ಕೆಲವು ನಿಮಿಷ ಓಡಲಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರು ಕೊಟ್ಟ ಬಾಟಲಿಯೇ ಬೇಕು, ಒಳಗೆ ಬೆರಳು ತಾಗಬಾರದು, ತಣ್ಣಗೆ ಇಟ್ಟು ಅದೇ ದಿನ ಮುಟ್ಟಿಸಬೇಕು. ಇಲ್ಲಿ "ಮಾದರಿ" ಅನ್ನುವುದು ನಮ್ಮ ಊರವರಿಗೆ ಮನೆಯ ನಕ್ಷೆಯ ಹಾಗೆ ಕೇಳಿಸಿತು. "ಸ್ಯಾಂಪಲ್ ನೀರು" ಅಂದರೆ ಎಲ್ಲರಿಗೂ ಗೊತ್ತು. ನಾನು ಸ್ಯಾಂಪಲ್ ಅಂತಲೇ ಉಳಿಸುತ್ತೇನೆ, ಯಾರದ್ದೂ ಬೇಸರ ಇಲ್ಲ ತಾನೆ?

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಎರಡು ಹೆಸರು. ಸೋರದಂತೆ ಕಟ್ಟಿದ ತೊಟ್ಟಿಗೆ ಒಂದು, ಅದರಿಂದ ಹೊರಬರುವ ನೀರಿಗೆ ಒಂದು. ಹೊಸದಾಗಿ ಹೊಸೆದದ್ದಕ್ಕಿಂತ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆಡುವ ಮಾತಿದ್ದರೆ ಅದನ್ನೇ ಕಳಿಸಿ. ಸಿರುಗುಪ್ಪ, ಮಾನ್ವಿ ಕಡೆ ಎರೆ ಭೂಮಿಯಲ್ಲಿ ಮನೆ ಕಟ್ಟಿದವರು ಇದ್ದರೆ, ಹೆಸರಿನ ಜೊತೆಗೆ ಅಲ್ಲಿನ ಗೌಂಡಿಯವರು ಇಂಗುಗುಂಡಿಯನ್ನು ಹೇಗೆ ಮಾಡಿಕೊಟ್ಟರು ಅಂತಲೂ ಬರೆಯಿರಿ.