ಹೊಸ ಗಾಜಿನ ಕಪಾಟಿಗೆ ಹಾಕಿದ ಮೇಲೆ ಕೋವಿಗೆ ತುಕ್ಕು, ಸೀಸದ ಗುಂಡಿನ ಮೇಲೆ ಬಿಳಿ ಪುಡಿ: ಕಾರಣ ಏನು?

ಕಾಫಿಕಣ:
ನಮ್ಮದು ಕೊಡಗು, ವಿರಾಜಪೇಟೆ ಕಡೆ. ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಒಂದು ಹಳೇ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಅನ್ನುವ ಕಿಡಿ ಹೊತ್ತಿಸುವ ಸಣ್ಣ ಲೋಹದ ಟೋಪಿ ಇಟ್ಟು ಹಾರಿಸುವಂಥದ್ದು), ಒಂದು ಜೋಡಿ ನಳಿಗೆ ತೋಟಾ ಕೋವಿ, ಎರಡು ಒಡಿಕತ್ತಿ (ಅಗಲ ಬಾಗಿದ ಅಲಗಿನ ಕತ್ತಿ), ಬೆಳ್ಳಿ ಕಟ್ಟಿನ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಇವೆ. ಕೋವಿಗಳಿಗೆ ಲೈಸೆನ್ಸ್ ವಿನಾಯಿತಿ ಪತ್ರ ಇದೆ. ಇಷ್ಟು ವರ್ಷ ಎಲ್ಲವೂ ಒಳಗಿನ ಗೋಡೆಯ ಗೂಟದ ಮೇಲಿದ್ದವು. ಮಳೆಗಾಲದಲ್ಲಿ ಎಣ್ಣೆ ಒರೆಸಿದರೆ ಸಾಕಿತ್ತು.

ಮೇ ತಿಂಗಳಲ್ಲಿ ಚೆಂದದ ಕಪಾಟು ಮಾಡಿಸಿದೆ. 5 ಅಡಿ ಎತ್ತರ, 2 ಅಡಿ ಅಗಲ, 8 ಇಂಚು ಆಳ. ಹಿಂದೆ ತೇಗದ ಪ್ಲೈವುಡ್, ಚೌಕಟ್ಟು ತೇಗ, ಮುಂದೆ ಟಫನ್ಡ್ ಗಾಜು, ಒಳಗೆ ಕೆಂಪು ಉಣ್ಣೆಯ ಫೆಲ್ಟ್. ಧೂಳು ಬರಬಾರದು ಅಂತ ಎಲ್ಲಾ ಸಂದಿಗೂ ಸಿಲಿಕೋನ್ ಹಚ್ಚಿಸಿದೆ. ಈಗ ಆಗಸ್ಟ್. ಜೋಡಿ ನಳಿಗೆಯ ತುದಿಯಲ್ಲಿ ಕೆಂಪು ತುಕ್ಕಿನ ಚುಕ್ಕೆ ಎದ್ದಿವೆ. ಪೀಚೆಕತ್ತಿಯ ಬೆಳ್ಳಿ ಕಪ್ಪಾಗಿದೆ. ಡಬ್ಬಿಯಲ್ಲಿಟ್ಟ ಹಳೇ ಸೀಸದ ಗುಂಡುಗಳ ಮೇಲೆ ಹಿಟ್ಟಿನಂಥ ಬಿಳಿ ಪುಡಿ. ಬರೀ ಮಳೆಗಾಲದ ತೇವ ಅಂದುಕೊಳ್ಳೋಣ ಅಂದ್ರೆ, ಗೋಡೆ ಮೇಲಿದ್ದಾಗ ಹೀಗಾಗಲಿಲ್ಲ ಅಲ್ವಾ?

ತೋಟದಮನೆ:
ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೊತೆಗೆ ಒಂದಿಷ್ಟು ಕರ್ಪೂರ. ನಮ್ಮ ಬೀರುವಿನಲ್ಲಿ ಅದನ್ನೇ ಮಾಡುವುದು.

ಉಳಿಸುತ್ತಿಗೆ:
ಕರ್ಪೂರ ಹುಳ ಓಡಿಸಬಹುದು, ತುಕ್ಕು ನಿಲ್ಲಿಸುವುದಿಲ್ಲ. ಅದಕ್ಕಿಂತ ಮೊದಲು ಎರಡು ವಿಷಯ ಹೇಳಿ. ಬಾಗಿಲು ತೆರೆದ ಕೂಡಲೇ ವಿನಿಗರ್ ವಾಸನೆ ಬರುತ್ತದಾ? ಪ್ಲೈವುಡ್‌ನ ಕೊಯ್ದ ಅಂಚುಗಳನ್ನು ಮುಚ್ಚಿದ್ದಾರಾ, ಹಾಗೇ ಬಿಟ್ಟಿದ್ದಾರಾ?

ಕಾಫಿಕಣ:
ಹೌದು, ಹುಳಿ ವಾಸನೆ ಇದೆ. ಪಾಲಿಶ್‌ದು ಅಂದುಕೊಂಡಿದ್ದೆ. ಅಂಚು ಹಾಗೇ ಇದೆ, ಮೇಲೆ ಫೆಲ್ಟ್ ಅಂಟಿಸಿದ್ದಾರೆ, ಬಿಳಿ ಮರದ ಅಂಟಿನಲ್ಲಿ.

ಉಳಿಸುತ್ತಿಗೆ:
ಹಾಗಾದರೆ ನಿಮ್ಮ ಕಪಾಟಿನೊಳಗೆ ತೇವ ಒಂದೇ ಅಲ್ಲ, ಆಮ್ಲವೂ ಇದೆ. ಅದನ್ನು ತೋರಿಸಿಕೊಡುತ್ತಿರುವುದು ಆ ಸೀಸದ ಗುಂಡು. ಬರೀ ನೀರಿನ ಪಸೆಗೆ ಸೀಸ ಹೀಗೆ ಬಿಳಿ ಪುಡಿ ಕಟ್ಟುವುದಿಲ್ಲ. ಅಸಿಟಿಕ್ ಆಮ್ಲದ ಆವಿ ತಾಗಿದರೆ ಕಟ್ಟುತ್ತದೆ. (ಆ ಪುಡಿ ವಿಷ. ಊದಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.)

ಆಮ್ಲ ಎಲ್ಲಿಂದ ಬಂತು ಅಂದರೆ, ನಾಲ್ಕು ಕಡೆಯಿಂದ. ಮರ ತಾನೇ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಬಿಡುತ್ತದೆ. ವಿದೇಶದ ಓಕ್ ಇದರಲ್ಲಿ ತುಂಬಾ ಕೆಟ್ಟದ್ದು. ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್, ಜಾತಿಯೇ ಬೇರೆ. ಆದರೂ ಯಾವ ಮರವೂ ಪೂರ್ತಿ ಸುರಕ್ಷಿತ ಅಲ್ಲ, ತೇಗವೂ ಅಲ್ಲ. ಪ್ಲೈವುಡ್‌ನ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಅದೂ ಕೊಯ್ದ ಅಂಚಿನಿಂದ ಜಾಸ್ತಿ; ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಡಬಹುದು. ಬಿಳಿ ಮರದ ಅಂಟೂ ಸ್ವಲ್ಪ ಆಮ್ಲ ಬಿಡುತ್ತದೆ. ಇನ್ನು ಸಿಲಿಕೋನ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೆಚ್ಚಿನವು ಒಣಗುವಾಗ ಅಸಿಟಿಕ್ ಆಮ್ಲ ಬಿಡುವಂಥವು. ಹಚ್ಚುವಾಗ ವಿನಿಗರ್ ವಾಸನೆ ಬಂದರೆ ಅದೇ. ನಿಮ್ಮದು ಇಷ್ಟೊತ್ತಿಗೆ ಒಣಗಿರಬಹುದು, ಆದರೆ ಬಿಟ್ಟ ಆಮ್ಲ ಮರಕ್ಕೂ ಫೆಲ್ಟಿಗೂ ಇಳಿದು ಕೂತಿದೆ. ಗೋಡೆ ಮೇಲೆ ಗಾಳಿ ಆಡುತ್ತಿತ್ತು, ಏನಿದ್ದರೂ ಹಾರಿಹೋಗುತ್ತಿತ್ತು. ಇಲ್ಲಿ ಸಂದಿ ಮುಚ್ಚಿದ್ದೇ ಎಲ್ಲವನ್ನೂ ಒಳಗೆ ಹಿಡಿದಿಟ್ಟಿದೆ.

ಬೆಳ್ಳಿ ಕಪ್ಪಾದದ್ದು ಬೇರೆ ಕಥೆ. ಉಣ್ಣೆಯಲ್ಲಿ ಗಂಧಕ ಇರುತ್ತದೆ. ಫೆಲ್ಟ್ ತೆಗೆಯದೆ ಬೆಳ್ಳಿ ಎಷ್ಟು ಉಜ್ಜಿದರೂ ಮತ್ತೆ ಕಪ್ಪಾಗುತ್ತದೆ.

ಮ್ಯೂಸಿಯಂಗಳಿಗೂ ಇದೇ ತಲೆನೋವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ 1973ರಲ್ಲಿ ಇದಕ್ಕೊಂದು ಪರೀಕ್ಷೆ ಹೇಳಿಕೊಟ್ಟರು. ಮರದ ಅಥವಾ ಬಟ್ಟೆಯ ತುಂಡನ್ನು ಬೆಳ್ಳಿ, ಸೀಸ, ತಾಮ್ರದ ಚೂರುಗಳ ಜೊತೆ ತೇವ ಇರುವ ಮುಚ್ಚಿದ ಗಾಜಿನ ಪಾತ್ರೆಯಲ್ಲಿ 60 ಡಿಗ್ರಿ ಬಿಸಿಯಲ್ಲಿ 28 ದಿನ ಇಡುವುದು. ಲೋಹ ಕೆಟ್ಟರೆ ಆ ಸಾಮಾನು ಕಪಾಟಿಗೆ ಬೇಡ. ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ. ಆದರೆ ಎರಡು ಗಾಜಿನ ಜಾಡಿ ಸಾಕು. ಎರಡರಲ್ಲೂ ಒದ್ದೆ ಹತ್ತಿ ಮತ್ತು ಉಜ್ಜಿ ಹೊಳಪು ಮಾಡಿದ ಗಾಳದ ಸೀಸದ ಚೂರು ಇಡಿ, ಒಂದಕ್ಕೆ ಮಾತ್ರ ನಿಮ್ಮ ಪ್ಲೈವುಡ್ ತುಂಡು ಹಾಕಿ. ಬೆಚ್ಚಗಿರುವ ಜಾಗದಲ್ಲಿಟ್ಟು ಕೆಲವು ವಾರ ಬಿಟ್ಟು ಹೋಲಿಸಿ ನೋಡಿ.

ಕಾಫಿಕಣ:
ಅಯ್ಯೋ. ಈಗ ತಕ್ಷಣ ಏನು ಮಾಡಲಿ? ಕಪಾಟು ಬಿಸಾಡಬೇಕಾ?

ಉಳಿಸುತ್ತಿಗೆ:
ಬೇಡ ಬೇಡ, ಉಳಿಸಬಹುದು. ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ. ಫೆಲ್ಟ್ ಕಿತ್ತು, ಸಿಲಿಕೋನ್ ಕೆರೆದು, ಬಾಗಿಲು ತೆರೆದು ಗಾಳಿಗೆ ಬಿಡಿ. ಆಮೇಲೆ ಪ್ಲೈವುಡ್‌ನ ಒಳಮೈ, ಅಂಚು ಎಲ್ಲಕ್ಕೂ ಅಲ್ಯೂಮಿನಿಯಂ ಹಾಳೆಯ ಟೇಪ್ ಅಂಟಿಸಿ. ಬಣ್ಣ, ಪಾಲಿಶ್ ಯಾವುದೂ ಈ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ಲೋಹದ ಹಾಳೆ ತಡೆಯುತ್ತದೆ. ಅದರ ಮೇಲೆ ತೊಳೆದು ಒಣಗಿಸಿದ, ಬಣ್ಣ ಹಾಕದ ಮಾಂಜರಪಾಟ್ ಬಟ್ಟೆ ಎಳೆದು ಕಟ್ಟಿ. ಅಂಟು ಬೇಡ, ಹಿಂದೆ ಪಿನ್ ಹೊಡೆದರೆ ಆಯಿತು. ಕಾಣುವ ತೇಗದ ಚೌಕಟ್ಟಿಗೆ ನೀರಿನ ಪಾಲಿಯುರಿಥೇನ್ ಹಚ್ಚಿ, ಕನಿಷ್ಠ 4 ವಾರ ತೆರೆದಿಡಿ. ಎಣ್ಣೆ ಬಣ್ಣ ಮಾತ್ರ ಬೇಡ, ಅದು ಒಣಗುತ್ತಾ ತಾನೂ ಆಮ್ಲ ಬಿಡುತ್ತದೆ. ಗಾಜಿಗೆ ಸಿಲಿಕೋನ್ ಬೇಕೇ ಬೇಕು ಅಂದರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಅಸಿಟಿಕ್ ಆಮ್ಲ ಬಿಡದ್ದು) ಅಂತ ಬರೆದದ್ದನ್ನೇ ಕೇಳಿ ತನ್ನಿ.

ಸಿಲಿಕಾ ಜೆಲ್ ಬಗ್ಗೆ: ಮ್ಯೂಸಿಯಂನವರ ಹಳೇ ಲೆಕ್ಕ ಒಂದು ಘನ ಮೀಟರ್ ಜಾಗಕ್ಕೆ 20 ಕೆಜಿ. ನಿಮ್ಮ ಕಪಾಟಿಗೆ ಹತ್ತಿರ ಹತ್ತಿರ 4 ಕೆಜಿ. ಚಪ್ಪಲಿ ಡಬ್ಬಿಯ ಪೊಟ್ಟಣ ನಾಲ್ಕು ಹಾಕಿದರೆ ಸುಮ್ನೆ ಸಮಾಧಾನ ಅಷ್ಟೇ. ಕೊಡಗಿನ ಮಳೆಗೆ ನನಗೆ ಸರಿ ಅನಿಸುವುದು ತಳದಲ್ಲಿ ಕಡಿಮೆ ವ್ಯಾಟ್‌ನ ಹೀಟರ್ ಸರಳು, ಮೇಲೆ ಕೆಳಗೆ ಜಾಲರಿ ಹಾಕಿದ ಸಣ್ಣ ಕಿಂಡಿ. 22 ಡಿಗ್ರಿಯಲ್ಲಿ 85% ಇರುವ ತೇವಾಂಶ, ಒಳಗಿನ ಗಾಳಿ 27 ಡಿಗ್ರಿಗೆ ಏರಿದರೆ 63%ರ ಸುತ್ತ ಇಳಿಯುತ್ತದೆ. ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ಇಟ್ಟು ನೋಡುತ್ತಿರಿ. 65% ದಾಟಿದರೆ ಕಬ್ಬಿಣಕ್ಕೆ ಕಷ್ಟ, 40%ಕ್ಕಿಂತ ಇಳಿದರೆ ಕೋವಿಯ ಮರ ಬಿರುಕು ಬಿಡಬಹುದು. ಬೇಸಿಗೆಯಲ್ಲಿ ಹೀಟರ್ ಆಫ್.

ನಳಿಗೆಯ ತುಕ್ಕಿಗೆ ಮರಳು ಕಾಗದ, ಹುಣಸೆಹಣ್ಣು, ನಿಂಬೆ ಯಾವುದೂ ಮುಟ್ಟಿಸಬೇಡಿ. ಹಳೇ ಬಣ್ಣ ಹೋದರೆ ವಾಪಸ್ ಬರುವುದಿಲ್ಲ. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಹತ್ತಿ ಬಟ್ಟೆಯಲ್ಲಿ ಉಜ್ಜಿ. ಹೋಗದಿದ್ದರೆ ಮತ್ತೆ ಎಣ್ಣೆ, ಮತ್ತೆ ತಾಳ್ಮೆ. ಕೊನೆಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಲೋಹಕ್ಕೆ ಹಚ್ಚುವ ಒಂದು ಬಗೆಯ ಮೇಣ) ತೆಳ್ಳಗೆ. ಕೊಬ್ಬರಿ ಎಣ್ಣೆ ಬೇಡ, ಕಮಟಿದರೆ ಅದೂ ಆಮ್ಲವೇ.

ಗಿರಿಮನೆ:
ಕೆಲಸ ಶುರು ಮಾಡುವ ಮೊದಲು ಇದನ್ನು ದಯವಿಟ್ಟು ಓದಿ. ಹಳೇ ಕೇಪಿನ ಕೋವಿಯಲ್ಲಿ ಈಡು ತುಂಬಿ ಹಾಗೇ ಬಿಟ್ಟಿರುವುದುಂಟು. ಕರಿಮದ್ದು ಒಣಗಿದ್ದರೆ ಎಷ್ಟೋ ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಕೇಪು ಇದ್ದರೆ ತೆಗೆಯಿರಿ. ನಳಿಗೆಯ ಬಾಯಿಯ ನೇರಕ್ಕೆ ಮುಖ, ಕೈ ತರಬೇಡಿ. ಮರದ ಗಜವನ್ನು (ಈಡು ತುಂಬುವ ಉದ್ದ ಕೋಲು) ನಳಿಗೆಯೊಳಗೆ ನಿಧಾನ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ತೆಗೆದು ಅದೇ ಗುರುತಿಗೆ ಹಿಡಿದು ನಳಿಗೆಯ ಪಕ್ಕ ಇಟ್ಟು ನೋಡಿ. ಗಜದ ತುದಿ ಕೇಪು ಕೂರುವ ಜಾಗದವರೆಗೂ ಬರಬೇಕು. ನಾಲ್ಕು ಬೆರಳು ಮೇಲೇ ನಿಂತರೆ ಒಳಗೆ ಏನೋ ಇದೆ. ನೀವು ಕೆದಕಬೇಡಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಕೊಡಿ.

ಇನ್ನೊಂದು. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ, 2029ರವರೆಗೆ ಅಂತ ವಿಸ್ತರಿಸಿದೆ. ಅದು ಲೈಸೆನ್ಸಿಗೆ ವಿನಾಯಿತಿ, ಜೋಪಾನಕ್ಕಲ್ಲ. ಟಫನ್ಡ್ ಗಾಜು ಮೂಲೆಗೆ ಒಂದು ಏಟು ಬಿದ್ದರೆ ಪುಡಿ ಪುಡಿ. ಲ್ಯಾಮಿನೇಟೆಡ್ ಗಾಜು ಹಾಕಿಸಿ. ಕಪಾಟನ್ನು ಗೋಡೆಗೆ ಒಳಗಿನಿಂದ ಬೋಲ್ಟ್ ಮಾಡಿ. ಟ್ರಿಗರ್ ಗಾರ್ಡ್ ಮೂಲಕ ಉಕ್ಕಿನ ಕೇಬಲ್ ಹಾಯಿಸಿ ಬೀಗ ಹಾಕಿ. ತೋಟಾ, ಮದ್ದು, ಕೇಪು ಆ ಕಪಾಟಿನಲ್ಲಿ ಬೇಡವೇ ಬೇಡ, ಬೇರೆ ಬೀಗದಲ್ಲಿರಲಿ.

ಕಾಫಿಕಣ:
ಗಜ ಇಳಿಸಿ ನೋಡಿದೆ, ಪೂರ್ತಿ ಕೆಳಗೆ ಹೋಯಿತು, ಖಾಲಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫೆಲ್ಟ್ ಕಿತ್ತಾಯಿತು, ಅದರಡಿಯ ಪ್ಲೈವುಡ್ ಅಂಚು ಮೂಗಿಗೆ ಹಿಡಿದರೆ ಘಾಟು ಹೊಡೆಯುತ್ತದೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್, ನಮ್ಮ ಆಯುಧ ಪೂಜೆಯ ಹಬ್ಬ. ಅಷ್ಟರಲ್ಲಿ ಕಪಾಟು ಆಗುವುದಿಲ್ಲ ಅಲ್ವಾ?

ಉಳಿಸುತ್ತಿಗೆ:
ಆಗುವುದಿಲ್ಲ, ಅವಸರ ಮಾಡಬೇಡಿ. ಪೂಜೆಗೆ ಹಳೇ ಗೂಟದಲ್ಲೇ ಇರಲಿ, ಕೇಬಲ್ ಬೀಗ ಹಾಕಿ. ತೋಕ್‌ಪೂ (ಕೋವಿಯ ಬಾಯಿಗೆ ಇಡುವ ಹೂ) ಸಿಕ್ಕಿಸಿದ ಮೇಲೆ ಸಂಜೆಯೇ ಹೂ ತೆಗೆದು ನಳಿಗೆಯ ಬಾಯಿ ಒಣ ಬಟ್ಟೆಯಲ್ಲಿ ಒರೆಸಿಬಿಡಿ, ಗಂಧ ಕುಂಕುಮ ಹಚ್ಚಿದ ಕಡೆಯೂ ಅಷ್ಟೇ. ಜಾಡಿ ಪರೀಕ್ಷೆ ಮುಗಿದ ಮೇಲೆ ಎರಡೂ ಸೀಸದ ಫೋಟೋ ಇಲ್ಲೇ ಹಾಕಿ.