ಸಹಾಯ ಬೇಕು: ಜೈಲಿನಲ್ಲಿರುವ ತಮ್ಮನಿಗೆ ಮಾತ್ರೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಆರು ವರ್ಷದಿಂದ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಮಾತ್ರೆ ಬಿಟ್ಟಿದ್ದ, ಅಂಗಡಿಯವರ ಮೇಲೆ ಕಲ್ಲು ಎಸೆದ, ಈಗ ಮೂರು ವಾರದಿಂದ ಜೈಲಿನಲ್ಲಿದ್ದಾನೆ. ಡಾಕ್ಟರ್ ಚೀಟಿ ಒಳಗೆ ಕೊಟ್ಟು ಬಂದೆ, ಆದರೂ ಮಾತ್ರೆ ಸಿಕ್ಕಿಲ್ಲ, ಮೊನ್ನೆ ಭೇಟಿಯಲ್ಲಿ ನನ್ನ ಗುರುತೇ ಹಿಡಿಯಲಿಲ್ಲ. ವಕೀಲರು ಜಾಮೀನು ಒಂದೇ ಸಾಕು ಅಂತಾರೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿದರೆ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸ್ ನಡೆಸುವ ಕ್ರಮದ ಹೊಸ ಕಾನೂನು) ಸೆಕ್ಷನ್ 367ರಲ್ಲಿ ವೈದ್ಯಕೀಯ ಪರೀಕ್ಷೆ ಕೇಳಿ, ಇಲ್ಲವಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 103ರಲ್ಲಿ ಆಸ್ಪತ್ರೆಗೆ ಕಳಿಸಲು ಕೇಳಿ ಅಂದರು. ನನಗೆ ತಲೆ ಕೆಟ್ಟಿದ್ದು ಇಲ್ಲೇ. 367 ಹಾಕಿದರೆ ಕೇಸ್ ನಿಂತು ಅವನು ಒಳಗೇ ಕೊಳೆಯಬೇಕಾಗುತ್ತಾ? ಚಿಕಿತ್ಸೆ ಬೇಗ ಸಿಗಬೇಕು ಅಂದ್ರೆ ಮೊದಲು ಯಾವ ಅರ್ಜಿ ಹಾಕಬೇಕು, ಜೈಲು ಅಧಿಕಾರಿಗೋ ಮ್ಯಾಜಿಸ್ಟ್ರೇಟ್‌ಗೋ? ಇದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ.